ಚೋಕ್ ಬಿಸಿಯಾಗಿತ್ತು

ಅರಸೀಕೆರೆಯ ರೈಲು ನಿಲ್ದಾಣದ ಎದುರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ 1998ರ ಕಾರ್ತೀಕ ಮಾಸದ ಬೆಳಗಿನ ಜಾವಗಳು ಒಂದು ನರಳಾಟದಿಂದ ಆರಂಭವಾಗುತ್ತಿದ್ದವು. ಬೆಂಗಳೂರಿನ ಕಡೆಯಿಂದ ಬಂದ ರೈಲು ಇಳಿದವರು ಕಂಬಳಿ ಹೊದ್ದು ಚಹಾ ಕುಡಿಯುತ್ತಿರುವಾಗ, ಸಾಲಿನ ಮೂರನೆಯ ಅಂಬಾಸಿಡರ್ ಕಾರು 'ಊಂ... ಊಂ...' ಎಂದು ಎರಡು ಬಾರಿ ನರಳಿ, ಕೊನೆಗೆ 'ಟಕ್' ಎಂದು ಸುಮ್ಮನಾಗುತ್ತಿತ್ತು. ಚಹಾ ಅಂಗಡಿಯವನು ಲೋಟ ತೊಳೆಯುತ್ತಲೇ, "ಅಣ್ಣಾ, ನಿನ್ನ ಆನೆಗೆ ಇವತ್ತೂ ನಿದ್ದೆ ಬಿಟ್ಟಿಲ್ಲ" ಎನ್ನುತ್ತಿದ್ದ. ನಾಲ್ಕು ಜನ ನಗುತ್ತಿದ್ದರು. ಕಾರಿನ ಮಾಲೀಕ ನಗುತ್ತಿರಲಿಲ್ಲ. ಆತನ ಮನೆಯ ಒಲೆ ಆ ಕಾರಿನಿಂದಲೇ ಉರಿಯಬೇಕಾಗಿತ್ತು.

ಅದು 1980ರ ಮಾಡೆಲ್ ಕಾರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಕಲ್ಕತ್ತದ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ತಯಾರಾಗುತ್ತಿದ್ದ ಅಂಬಾಸಿಡರ್ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಆದರೆ ಆಗ ಅದು ಮಂತ್ರಿಗಳಿಗೂ ಬೇಕು, ಮದುವೆ ದಿಬ್ಬಣಕ್ಕೂ ಬೇಕು. 1489 ಸಿಸಿಯ ಪೆಟ್ರೋಲ್ ಎಂಜಿನ್, ಮುಂದಿನ ಬಂಪರಿನಲ್ಲಿ ಹ್ಯಾಂಡಲ್ ತೂರಿಸಲು ಒಂದು ತೂತು, ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಚೋಕ್ ಗುಂಡಿ. ಬಾನೆಟ್ ಎತ್ತಿದರೆ ಒಳಗೆ ಒಬ್ಬ ಮನುಷ್ಯ ಕೈಯಾಡಿಸುವಷ್ಟು ಜಾಗ.

ಕಾರು ಸ್ಟಾರ್ಟ್ ಆಗದಿದ್ದರೆ ನಮ್ಮಲ್ಲಿ ಸಲಹೆಗಳಿಗೆ ಬರವಿಲ್ಲ. ಸ್ಟ್ಯಾಂಡಿನ ಹಿರಿಯ ಚಾಲಕರೊಬ್ಬರು "ಬ್ಯಾಟರಿ ಸತ್ತಿದೆ" ಎಂದರು. 1,800 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದ್ದಾಯಿತು. ಹಳೆಯದನ್ನು ಅಂಗಡಿಯವನೇ ಇಟ್ಟುಕೊಂಡ. ಎರಡು ದಿನ ಸ್ವಲ್ಪ ಚುರುಕಾದಂತೆ ಕಂಡ ಕಾರು ಮೂರನೆಯ ದಿನ ಮತ್ತೆ ನರಳಿತು. ಇನ್ನೊಬ್ಬರು "ಸೆಲ್ಫ್ ಹೋಗಿದೆ" ಎಂದರು. ಸ್ಟಾರ್ಟರ್ ಮೋಟಾರನ್ನು ಬಿಚ್ಚಿಸಿ, ಬುಷ್ ಮತ್ತು ಕಾರ್ಬನ್ ಬದಲಾಯಿಸಿದ್ದಕ್ಕೆ 450 ರೂಪಾಯಿ. ಸೆಲ್ಫ್ ಮೇಜಿನ ಮೇಲೆ ರೊಯ್ಯನೆ ತಿರುಗಿತು, ಕಾರಿಗೆ ಹಾಕಿದ ಮೇಲೆ ಅದೇ ರಾಗ. ಮೂರನೆಯವರು "ಎಂಜಿನ್ನೇ ಬಿಗಿಯಾಗಿದೆ, ಬೋರ್ ಮಾಡಿಸಬೇಕು" ಎಂದರು. ಅದರ ಖರ್ಚು ಕೇಳಿ ಆತ ಮೌನವಾಗಿ ಮನೆಗೆ ಬಂದ.

ಮನೆಯಲ್ಲಿ ಇನ್ನೊಂದು 'ಸ್ಟಾರ್ಟ್ ಆಗದ ಗಾಡಿ' ಕೂತಿತ್ತು. ಹತ್ತನೆಯ ತರಗತಿಯ ಮಗ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ನೂರಕ್ಕೆ 28. ಅಲ್ಲಿಯೂ ಸಲಹೆಗಳ ಕಥೆಯೇ. ಒಬ್ಬರು ಬೆಳಗಿನ ಟ್ಯೂಷನ್ ಎಂದರು, ಸೇರಿಸಿದ. ಇನ್ನೊಬ್ಬರು ಸಂಜೆಯದೂ ಬೇಕು ಎಂದರು, ಅದಕ್ಕೂ ಸೇರಿಸಿದ. ಮೂರನೆಯವರು "ತಲೆಯೇ ಓಡಲ್ಲ ಅಂದ್ರೆ ಏನ್ ಮಾಡೋಕಾಗುತ್ತೆ, ಲಾರಿಗೆ ಕ್ಲೀನರ್ ಹಾಕಿ" ಎಂದಿದ್ದರು. ತಂದೆಗೆ ಆ ಮಾತು ಮುಳ್ಳಿನಂತೆ ನಾಟಿತ್ತು. ಆದರೂ ಒಳಗೊಳಗೇ ಅದು ನಿಜವಿರಬಹುದೇನೋ ಎಂಬ ಅಳುಕು ಹುಟ್ಟಿತ್ತು.

ಆ ಹುಡುಗ ಬೆಳಗಿನ ಹೊತ್ತು ತಂದೆಯ ಜೊತೆ ಕಾರಿನಲ್ಲಿ ಕೂರುತ್ತಿದ್ದ. ತಂದೆ ಹ್ಯಾಂಡಲ್ ಹೊಡೆಯುವಾಗ ಒಳಗೆ ಆಕ್ಸಿಲರೇಟರ್ ಅದುಮುವವನು ಅವನೇ. ಒಂದು ದಿನ, "ಅಪ್ಪಾ, ಸೆಲ್ಫ್ ಹೊಡೆದಾಗ ಚೋಕ್ ಬಿಸಿ ಆಗುತ್ತೆ" ಎಂದ. ತಂದೆ ತಲೆಯನ್ನೂ ಎತ್ತಲಿಲ್ಲ. "ಚೋಕ್ ಎಲ್ಲಾದ್ರೂ ಬಿಸಿಯಾಗುತ್ತೇನೋ? ನಿನ್ನ ಪುಸ್ತಕ ನೋಡ್ಕೋ ಹೋಗು, 28 ತಗೊಂಡೋನೆ" ಎಂದ. ಹುಡುಗ ಮತ್ತೆ ಬಾಯಿ ಬಿಡಲಿಲ್ಲ.

ಗುರುವಾರ ಬೆಳಿಗ್ಗೆ ಹಾರನಹಳ್ಳಿಯ ಮದುವೆಗೆ ವಧುವಿನ ಮನೆಯವರನ್ನು ಕರೆದೊಯ್ಯಬೇಕಿತ್ತು. ಮುಂಗಡ ಹಣ ಕೈಗೆ ಬಂದು, ಬ್ಯಾಟರಿ ಅಂಗಡಿಗೆ ಹೋಗಿಯೂ ಆಗಿತ್ತು. ಮದುಮಗಳ ಕಾರನ್ನು ನೆಂಟರಿಂದ ತಳ್ಳಿಸಲು ಆಗುತ್ತದೆಯೇ? ಸಾಲದ್ದಕ್ಕೆ ಮಂಗಳವಾರ ಹ್ಯಾಂಡಲ್ ಹಿಂದಕ್ಕೆ ಒದ್ದು ಆತನ ಬಲ ಮಣಿಕಟ್ಟು ಊದಿಕೊಂಡಿತು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಯಲ್ಲೇ ಇಡಬೇಕು, ಸುತ್ತಿ ಹಿಡಿಯಬಾರದು ಎಂಬ ಹಳೆಯ ಪಾಠವನ್ನು ಅವಸರದಲ್ಲಿ ಆತ ಮರೆತಿದ್ದ.

ಬುಧವಾರ ಸಂಜೆ ಆತನ ಹೆಂಡತಿ ಯಾರನ್ನೂ ಕೇಳದೆ ಹಿಂದಿನ ಬೀದಿಗೆ ಹೋಗಿ ಒಬ್ಬ ಹಿರಿಯರನ್ನು ಕರೆತಂದರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಬೀದಿಯ ಮಕ್ಕಳಿಗೆ ರೈಲ್ವೆ ತಾತ. ಕಾರಿನ ಮೆಕ್ಯಾನಿಕ್ ಅಲ್ಲ. ಆದರೆ ಮೈಲುಗಟ್ಟಲೆ ತಂತಿಯಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವುದೇ ಅವರ ಜೀವನದ ಕೆಲಸವಾಗಿತ್ತು. ಕೈಯಲ್ಲಿ ಚರ್ಮದ ಚೀಲ, ಅದರೊಳಗೆ ಮುಳ್ಳಿನ ಒಂದು ಹಳೆಯ ಮೀಟರ್.

ಅವರು ಬಾನೆಟ್ ಎತ್ತಲಿಲ್ಲ. ಜಗಲಿಯ ಮೇಲೆ ಕೂತು, "ಇದು ಶುರುವಾದದ್ದು ಯಾವಾಗಪ್ಪಾ?" ಎಂದು ಕೇಳಿದರು.

"ಒಂದು ತಿಂಗಳಾಯ್ತು ಯಜಮಾನ್ರೇ."

"ಅದಕ್ಕೆ ಮುಂಚೆ ಗಾಡಿಗೆ ಏನು ಮಾಡಿಸಿದ್ದೆ?"

"ಏನೂ ಇಲ್ಲ. ಎಫ್‌ಸಿಗೆ ಅಂತ ಪೇಂಟ್ ಹೊಡೆಸಿದ್ದೆ, ಅಷ್ಟೇ."

ತಾತ ತಲೆಯಾಡಿಸಿದರು. ಪೇಂಟಿಗೂ ಸ್ಟಾರ್ಟಿಗೂ ಏನು ಸಂಬಂಧ ಎಂದು ತಂದೆಗೆ ಅನಿಸಿತು. ಇಲ್ಲಿ ವಿದ್ಯಾರ್ಥಿ ಮಿತ್ರರು ಒಂದು ಕ್ಷಣ ನಿಲ್ಲಬೇಕು. ಕೆಟ್ಟದ್ದು ಏನು ಎಂದು ಕೇಳುವ ಮೊದಲು, ಕೆಡುವ ಮುಂಚೆ ಏನು ಬದಲಾಯಿತು ಎಂದು ಕೇಳುವುದು ವಿಜ್ಞಾನದ ಮೊದಲ ಹೆಜ್ಜೆ. ಅದಕ್ಕೆ ಯಾವ ಉಪಕರಣವೂ ಬೇಡ.

ಎರಡನೆಯ ಪ್ರಶ್ನೆ ಬಂತು. "ಹ್ಯಾಂಡಲ್ ಹೊಡೆದರೆ?"

"ಎರಡೇ ಸುತ್ತಿಗೆ ಎದ್ದುಬಿಡುತ್ತೆ."

"ಹಾಗಾದರೆ ಅರ್ಧ ಕೆಲಸ ನಿನ್ನ ಹ್ಯಾಂಡಲ್ಲೇ ಮಾಡಿದೆಯಲ್ಲಪ್ಪಾ" ಎಂದರು ತಾತ.

ಪೆಟ್ರೋಲ್ ಎಂಜಿನ್ ಏಳಬೇಕಾದರೆ ನಾಲ್ಕು ಸಂಗತಿಗಳು ಕೂಡಬೇಕು. ಗಾಳಿ ಬೆರೆತ ಪೆಟ್ರೋಲ್ ಸಿಲಿಂಡರಿಗೆ ಬರಬೇಕು. ಪಿಸ್ಟನ್ ಅದನ್ನು ಚೆನ್ನಾಗಿ ಒತ್ತಬೇಕು. ಸರಿಯಾದ ಹೊತ್ತಿಗೆ ಪ್ಲಗ್ ಕಿಡಿ ಹಾರಿಸಬೇಕು. ಇವೆಲ್ಲ ನಡೆಯುವಷ್ಟು ವೇಗವಾಗಿ ಎಂಜಿನ್ನನ್ನು ಯಾರಾದರೂ ತಿರುಗಿಸಬೇಕು. ಹ್ಯಾಂಡಲಿನಿಂದ ಎರಡು ಸುತ್ತಿಗೇ ಎದ್ದರೆ ಮೊದಲ ಮೂರು ಸರಿಯಾಗಿವೆ ಎಂದರ್ಥ. ಕಾರ್ಬುರೇಟರ್, ಪೆಟ್ರೋಲ್ ಪಂಪ್, ಕಾಯಿಲ್, ಪಾಯಿಂಟ್, ಪ್ಲಗ್ ಯಾವುದನ್ನೂ ಮುಟ್ಟಬೇಕಾಗಿಲ್ಲ. ಎಂಜಿನ್ ಬಿಗಿಯಾಗಿದ್ದರೆ ಮನುಷ್ಯನ ಕೈಗೆ ಅಷ್ಟು ಸುಲಭವಾಗಿ ತಿರುಗುತ್ತಲೂ ಇರಲಿಲ್ಲ. ಬೋರ್ ಮಾಡಿಸುವ ಮಾತು ಅಲ್ಲಿಗೇ ಬಿದ್ದುಹೋಯಿತು. ಉಳಿದದ್ದು ನಾಲ್ಕನೆಯದು, ತಿರುಗಿಸುವ ಕೆಲಸ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಈ ಕೆಲಸ ಕೈಯಿಂದ ಮೋಟಾರಿಗೆ ಹೋಯಿತು. ತಂದೆ ಒಂದು ತಿಂಗಳಿಂದ ದಿನವೂ ಹ್ಯಾಂಡಲ್ ಹೊಡೆದಿದ್ದ. ಆದರೆ ಆ ಹ್ಯಾಂಡಲ್ ಏನು ಹೇಳುತ್ತಿದೆ ಎಂದು ಕೇಳಿಸಿಕೊಂಡಿರಲಿಲ್ಲ.

ತಾತ ಎದ್ದು ಹೆಡ್‌ಲೈಟ್ ಹಾಕಿಸಿ, "ಈಗ ಸೆಲ್ಫ್ ಹೊಡಿ" ಎಂದರು. ಕಾರು ನರಳಿತು. ಎದುರು ಗೋಡೆಯ ಮೇಲಿನ ಬೆಳಕು ಒಂದಿಷ್ಟೇ ಇಷ್ಟು ತಗ್ಗಿತು. ಬ್ಯಾಟರಿ ಸೋತಿದ್ದರೆ ಆ ಬೆಳಕು ಎಣ್ಣೆ ತೀರಿದ ದೀಪದಂತೆ ಕುಗ್ಗಬೇಕಿತ್ತು. ಅಂದರೆ ಬ್ಯಾಟರಿಯಲ್ಲಿ ಶಕ್ತಿಯಿದೆ, ಅದು ಸೆಲ್ಫಿಗೆ ತಲುಪುತ್ತಿಲ್ಲ. ದಾರಿಯಲ್ಲಿ ಎಲ್ಲೋ ತಡೆಯಿದೆ.

ಆಮೇಲೆ ಮೀಟರ್ ಹೊರಬಂತು. ತಾತನಿಗೆ ಕಣ್ಣು ಮಂಜು. "ಮಗಾ, ಬಾ ಇಲ್ಲಿ. ಮುಳ್ಳು ಎಲ್ಲಿ ನಿಲ್ಲುತ್ತೆ ನೋಡಿ ಹೇಳು" ಎಂದು ಹುಡುಗನನ್ನು ಕರೆದರು. ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಫ್ಯಾನಿನ ಬಳಿ ಯಾರ ಕೈಯೂ ಇಲ್ಲವೆಂದು ನೋಡಿದ ಮೇಲೆಯೇ ಒಂದೊಂದು ಸಲ ಸೆಲ್ಫ್ ಒತ್ತಿಸಿದರು. ಬ್ಯಾಟರಿಯ ಎರಡು ತುದಿಗಳ ನಡುವೆ, ಸೆಲ್ಫ್ ನರಳುತ್ತಿರುವಾಗ, 11.6 ವೋಲ್ಟ್. ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ದಪ್ಪ ಕೇಬಲಿನ ಉದ್ದಕ್ಕೂ ಕಳೆದುಹೋಗುತ್ತಿದ್ದದ್ದು ಬರೀ 0.2 ವೋಲ್ಟ್. ಇನ್ನು ವಾಪಸು ದಾರಿ. ಮೀಟರಿನ ಒಂದು ಕಡ್ಡಿ ಎಂಜಿನ್ನಿನ ಬರಿ ಕಬ್ಬಿಣಕ್ಕೆ, ಇನ್ನೊಂದು ಬ್ಯಾಟರಿಯ ಅರ್ತ್ ತುದಿಗೆ. ಅರ್ಧ ವೋಲ್ಟಿನ ಒಳಗೇ ಇರಬೇಕಾಗಿದ್ದ ಮುಳ್ಳು ಮೇಲಕ್ಕೆ ಹಾರಿತು.

"ಆರು, ತಾತ!" ಎಂದು ಕೂಗಿದ ಹುಡುಗ.

"ಹಾಗಾದರೆ ಸೆಲ್ಫಿಗೆ ಉಳಿದದ್ದೆಷ್ಟು?"

ಹುಡುಗ ಬೆರಳು ಮಡಿಸಲಿಲ್ಲ. "ಹನ್ನೊಂದು ಪಾಯಿಂಟ್ ಆರರಲ್ಲಿ ಆರು ಪಾಯಿಂಟ್ ಎರಡು ಹೋದ್ರೆ, ಐದು ಪಾಯಿಂಟ್ ನಾಲ್ಕು." ಒಂದು ಕ್ಷಣ ಸುಮ್ಮನಿದ್ದು, ತಂದೆಯ ಕಡೆ ಕಳ್ಳನೋಟ ಬೀರಿ, ತಗ್ಗಿದ ದನಿಯಲ್ಲಿ ಸೇರಿಸಿದ: "ತಾತ, ಅದಕ್ಕೇ ಚೋಕ್ ಬಿಸಿ ಆಗುತ್ತಾ?"

ತಾತ ಮೀಟರನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡಿದರು. "ಚೋಕ್ ಬಿಸಿಯಾಗುತ್ತೆ ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ಹದಿನೈದು ದಿನ ಆಯ್ತು."

"ಯಾರಿಗೂ ಹೇಳಲಿಲ್ವಾ?"

ಹುಡುಗ ಉತ್ತರ ಕೊಡಲಿಲ್ಲ. ತಂದೆ ಊದಿದ ಮಣಿಕಟ್ಟನ್ನು ನೋಡಿಕೊಳ್ಳುತ್ತ ನಿಂತ.

ಕಾರಿನಲ್ಲಿ ವಿದ್ಯುತ್ತು ಒಂದು ತಂತಿಯಲ್ಲಿ ಹೋಗುತ್ತದೆ. ವಾಪಸು ಬರುವುದು ಕಾರಿನ ಕಬ್ಬಿಣದ ಮೈಯಲ್ಲೇ. ಆದರೆ ಎಂಜಿನ್ ರಬ್ಬರ್ ದಿಂಬುಗಳ ಮೇಲೆ ಕೂತಿರುವುದರಿಂದ, ಅದರಿಂದ ಬಾಡಿಗೆ ಒಂದು ಹೆಣೆದ ತಾಮ್ರದ ಪಟ್ಟಿಯನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಎಫ್‌ಸಿಗೆ ಪೇಂಟ್ ಮಾಡಿದವರು ಆ ಪಟ್ಟಿಯನ್ನು ಬಿಚ್ಚಿ, ಬೋಲ್ಟ್ ಕೂರುವ ಜಾಗಕ್ಕೂ ಬಣ್ಣ ಹೊಡೆದು, ಅದರ ಮೇಲೆಯೇ ಮತ್ತೆ ಬಿಗಿದಿದ್ದರು. ನೋಡಲು ಲಕ್ಷಣವಾಗಿತ್ತು. ಆದರೆ ಪೇಂಟ್ ವಿದ್ಯುತ್ತನ್ನು ಬಿಡುವುದಿಲ್ಲ. ಬೋಲ್ಟಿನ ಅಂಚಿನಲ್ಲಿ ಅಲ್ಲಲ್ಲಿ ಕೆರೆದ ಕಡೆ ಮಾತ್ರ ಲೋಹಕ್ಕೆ ಲೋಹ ತಾಗುತ್ತಿತ್ತು. ಹೆದ್ದಾರಿ ಮುಚ್ಚಿದರೆ ವಾಹನಗಳು ಗದ್ದೆಯ ಬದುವಿನ ಮೇಲೆ ನುಗ್ಗುವ ಹಾಗೆ, ವಿದ್ಯುತ್ತು ಎಂಜಿನ್ನಿಗೂ ಬಾಡಿಗೂ ನಡುವೆ ಇದ್ದ ಇನ್ನೊಂದು ಲೋಹದ ದಾರಿಯನ್ನು ಹಿಡಿದಿತ್ತು. ಅದೇ ಚೋಕಿನ ತೆಳ್ಳನೆಯ ಉಕ್ಕಿನ ತಂತಿ.

ತಾತ ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟರು. "ಸೆಲ್ಫ್ ನೂರು ಆಂಪಿಯರ್ ಎಳೆಯುತ್ತೆ ಅಂತ ಇಟ್ಕೋ. ಆರು ವೋಲ್ಟ್ ನಷ್ಟ ಆಗ್ತಿದೆ. ರೋಧ ಎಷ್ಟು?"

ಹುಡುಗ ಜಗಲಿಯ ಕಲ್ಲಿನ ಮೇಲೆ ಬರೆದ. 6 ಭಾಗಿಸು 100, 0.06 ಓಮ್. "ಇಷ್ಟೇನಾ?" ಎಂದ ತಂದೆ. "ಇಷ್ಟೇ" ಎಂದರು ತಾತ, "ಕಿಡಿ ಹಾರಿಸೋಕೆ ಬೇಕಾದ್ದು ನಾಲ್ಕು ಆಂಪಿಯರ್ ಅಂದ್ಕೋ. ಅದಕ್ಕೆ ಈ ತಡೆಯಿಂದ ಎಷ್ಟು ನಷ್ಟ?" ಹುಡುಗ ಗುಣಿಸಿದ: 0.24 ವೋಲ್ಟ್. ಅದು ಲೆಕ್ಕಕ್ಕೇ ಇಲ್ಲ. ಅದಕ್ಕೇ ಹ್ಯಾಂಡಲ್ ಹೊಡೆದರೆ ಎಂಜಿನ್ ಏಳುತ್ತದೆ, ಸೆಲ್ಫ್ ಒತ್ತಿದರೆ ಏಳುವುದಿಲ್ಲ. ಅದೇ ಸಣ್ಣ ತಡೆ, ಸಣ್ಣ ಪ್ರವಾಹಕ್ಕೆ ಕಾಣುವುದೇ ಇಲ್ಲ, ದೊಡ್ಡ ಪ್ರವಾಹಕ್ಕೆ ಬೆಟ್ಟವಾಗುತ್ತದೆ. ಇನ್ನು ಆರು ವೋಲ್ಟನ್ನು ನೂರು ಆಂಪಿಯರಿನಿಂದ ಗುಣಿಸಿದರೆ 600 ವಾಟ್. ಒಂದು ಇಸ್ತ್ರಿಪೆಟ್ಟಿಗೆಯ ಹತ್ತಿರದ ಶಾಖ ಆ ಕೆಟ್ಟ ಕೂಡಿಕೆಗೂ ಚೋಕಿನ ತಂತಿಗೂ ಹಂಚಿಹೋಗುತ್ತಿತ್ತು. ಬಿಸಿಯಾಗದೆ ಇನ್ನೇನು? ಗೇಯಾರ್ಗ್ ಓಮ್ ಎಂಬ ಜರ್ಮನಿಯ ಶಾಲಾ ಉಪಾಧ್ಯಾಯರು 1827ರಲ್ಲಿ ಪ್ರಕಟಿಸಿದ ನಿಯಮ ಅರಸೀಕೆರೆಯ ಒಂದು ಜಗಲಿಯ ಮೇಲೆ ಎರಡು ಗೆರೆಯಲ್ಲಿ ನಿಂತಿತ್ತು.

ಆದರೂ ತಾತ ಸ್ಪ್ಯಾನರ್ ಹಿಡಿಯಲಿಲ್ಲ. "ಲೆಕ್ಕ ಹೇಳಿತು ಅಂತ ನಂಬಬಾರದು, ಪರೀಕ್ಷೆ ಮಾಡಬೇಕು" ಎಂದು ಒಂದು ದಪ್ಪ ಕೇಬಲನ್ನು ಬ್ಯಾಟರಿಯ ಅರ್ತ್ ತುದಿಯಿಂದ ನೇರವಾಗಿ ಎಂಜಿನ್ನಿಗೆ ಬಿಗಿಹಿಡಿಸಿದರು. ತಂದೆ ಎಡಗೈಯಲ್ಲಿ ಸೆಲ್ಫ್ ಒತ್ತಿದ. ನರಳಾಟವಿಲ್ಲ. 'ರ್ರ್ರ್' ಎಂದ ಕಾರು ಬೀದಿಯ ನಾಯಿಗಳೆಲ್ಲ ಏಳುವಂತೆ ಒಮ್ಮೆಲೇ ಗುಡುಗಿತು. ಅಡುಗೆಮನೆಯಿಂದ ತಾಯಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

ಆಮೇಲಿನದು ಅರ್ಧ ಗಂಟೆಯ ಕೆಲಸ. ಪಟ್ಟಿ ಬಿಚ್ಚಿ, ಬೋಲ್ಟಿನ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದ್ದು. ಉಜ್ಜಿದವನು ಹುಡುಗನೇ. ಮತ್ತೆ ಮೀಟರ್ ಇಟ್ಟು ನೋಡಿದಾಗ ಮುಳ್ಳು ಸೊನ್ನೆಯನ್ನು ಬಿಟ್ಟು ಅಲುಗಿದ್ದೇ ಕಾಣಲಿಲ್ಲ. ಖರ್ಚು, ಒಂದು ಹಾಳೆ ಉಪ್ಪುಕಾಗದದ್ದು. "ಅರ್ತ್ ಸರಿಯಿಲ್ಲದ್ದು ಗಾಡಿಗೆ, ಅರ್ಥ ಆಗದೇ ಇದ್ದದ್ದು ನಮಗೆ" ಎಂದು ತಾತ ನಕ್ಕರು.

ಊಟಕ್ಕೆ ಎಬ್ಬಿಸಿದಾಗ ತಂದೆ ಸಂಕೋಚದಿಂದಲೇ ಮಗನ ವಿಷಯ ತೆಗೆದ. "ಯಜಮಾನ್ರೇ, ಇವನಿಗೂ ಒಂದು ಮೀಟರ್ ಇಟ್ಟು ನೋಡಿ. ವಿಜ್ಞಾನದಲ್ಲಿ 28 ತಗೊಂಡಿದ್ದಾನೆ."

ತಾತ ಕೇಳಿದ್ದು ಅದೇ ಪ್ರಶ್ನೆ. "ಇದು ಶುರುವಾದದ್ದು ಯಾವಾಗಪ್ಪಾ?"

ತಂದೆ ತಡವರಿಸಿದ. ಏಳನೆಯ ತರಗತಿಯಲ್ಲಿ 74 ಬಂದಿತ್ತು. ಎಂಟರಿಂದ ಇಳಿಯಿತು.

"ಎಂಟರಲ್ಲಿ ಏನು ಬದಲಾಯಿಸಿದೆ?"

"ಏನೂ ಇಲ್ಲ. ಇಂಗ್ಲಿಷ್ ಮೀಡಿಯಂಗೆ ಹಾಕಿದೆ, ಅಷ್ಟೇ" ಎಂದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡು ತುತ್ತನ್ನು ಎಲೆಯ ಮೇಲೆ ಇಳಿಸಿದ.

ಪ್ರಶ್ನೆಪತ್ರಿಕೆ ತರಿಸಲಾಯಿತು. ಎರಡು ರೋಧಗಳನ್ನು ಜೋಡಿಸಿದ ಒಂದು ಲೆಕ್ಕವನ್ನು ಹುಡುಗ ಮುಟ್ಟಿಯೇ ಇರಲಿಲ್ಲ. ಈಗ ತಾನೇ ಜಗಲಿಯ ಮೇಲೆ ಮಾಡಿದ್ದಕ್ಕಿಂತ ಸುಲಭದ ಲೆಕ್ಕ. "ಇದನ್ನ ಯಾಕೆ ಬಿಟ್ಟೆ ಮಗಾ?" ಎಂದು ತಾತ ಕೇಳಿದರು.

"ಕೊನೇಲಿ 'ರೆಸ್ಪೆಕ್ಟಿವ್ಲಿ' ಅಂತ ಇದೆ ತಾತ. ರೆಸ್ಪೆಕ್ಟ್ ಅಂದ್ರೆ ಗೌರವ. ರೋಧಗಳಿಗೆ ಯಾಕೆ ಗೌರವ ಅಂತ ಗೊತ್ತಾಗಲಿಲ್ಲ. ಇನ್ನೇನೋ ಕೇಳ್ತಿದ್ದಾರೆ ಅನ್ನಿಸಿ ಬಿಟ್ಟುಬಿಟ್ಟೆ."

ಯಾರೂ ನಗಲಿಲ್ಲ. "ಕ್ರಮವಾಗಿ ಅಂತ ಅರ್ಥ ಕಣೋ. ಮೊದಲನೆಯದು ಎರಡು ಓಮ್, ಎರಡನೆಯದು ಮೂರು ಓಮ್. ಅಷ್ಟೇ" ಎಂದರು ತಾತ. ಹುಡುಗನ ಮುಖದಲ್ಲಿ ಒಂದು ಬೆಳಕು ಹಾದುಹೋಯಿತು. ಹಿಂದೆಯೇ ಅಳು ಬಂತು.

ಎರಡು ಟ್ಯೂಷನ್ನುಗಳಲ್ಲೂ ಅವನಿಗೆ ಅದೇ ಪಾಠವನ್ನು ಅದೇ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಅದು ಸರಿಯಿದ್ದ ಬ್ಯಾಟರಿಯನ್ನು ಬದಲಾಯಿಸಿದ ಹಾಗೆ. ತಡೆ ಇದ್ದದ್ದು ತಲೆಯಲ್ಲಲ್ಲ, ತಲೆಗೂ ಪುಸ್ತಕಕ್ಕೂ ನಡುವಿನ ಒಂದು ಕೂಡಿಕೆಯಲ್ಲಿ. ಇನ್ನೊಂದು ಮನೆಯ ಹುಡುಗಿಗೆ ಅದು ಭಿನ್ನರಾಶಿಯಲ್ಲಿ ಇರಬಹುದು, ಮತ್ತೊಬ್ಬನಿಗೆ ಕಪ್ಪುಹಲಗೆ ಕಾಣದ ಕಣ್ಣಿನಲ್ಲಿ ಇರಬಹುದು. ಇಂಗ್ಲಿಷ್ ಮಾಧ್ಯಮ ಕೆಟ್ಟದ್ದೆಂದೂ ಅಲ್ಲ, ಪೇಂಟ್ ಕೆಟ್ಟದ್ದೆಂದೂ ಅಲ್ಲ. ಹೊಸದನ್ನು ಬಳಿಯುವಾಗ ಒಳಗೆ ಯಾವ ಕೂಡಿಕೆ ಮುಚ್ಚಿಹೋಯಿತು ಎಂದು ನೋಡಿಕೊಳ್ಳಬೇಕು, ಅಷ್ಟೇ.

ಮರುದಿನ ಬೆಳಿಗ್ಗೆ ಹೂವಿನ ಹಾರ ಹಾಕಿಕೊಂಡ ಅಂಬಾಸಿಡರ್ ಒಂದೇ ಒತ್ತಿಗೆ ಎದ್ದು ಹಾರನಹಳ್ಳಿಗೆ ಹೋಯಿತು. ಆ ತಿಂಗಳಿಂದ ಬೆಳಗಿನ ಟ್ಯೂಷನ್ ನಿಂತಿತು. ಬದಲಿಗೆ ಹುಡುಗ ಒಂದು ನೋಟ್ ಪುಸ್ತಕ ಮಾಡಿದ. ಎಡಕ್ಕೆ ಪಾಠದಲ್ಲಿ ತಡೆದ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದಲ್ಲಿ ಅರ್ಥ. ಮೊದಲನೆಯ ಪದ ಯಾವುದೆಂದು ಹೇಳಬೇಕಾಗಿಲ್ಲ. ರಾತ್ರಿ ತಂದೆ ಅವನನ್ನು ಕೂರಿಸಿಕೊಂಡು, ತನಗೆ ಓದಲು ಬಾರದಿದ್ದರೂ, "ಇವತ್ತು ಎಲ್ಲಿ ನಿಂತಿತು?" ಎಂದಷ್ಟೇ ಕೇಳುತ್ತಿದ್ದ. 1999ರ ಎಸ್‌ಎಸ್‌ಎಲ್‌ಸಿಯಲ್ಲಿ ಅವನಿಗೆ ವಿಜ್ಞಾನದಲ್ಲಿ 61 ಬಂತು. ಪತ್ರಿಕೆಯಲ್ಲಿ ಫೋಟೋ ಬರುವಂಥ ಅಂಕವಲ್ಲ. ಆದರೆ ಆ ಮನೆಯಲ್ಲಿ ಲಾರಿ ಕ್ಲೀನರಿನ ಮಾತು ಮತ್ತೆ ಬರಲಿಲ್ಲ.

ಈಗಿನ ಕಾರುಗಳಲ್ಲಿ ಚೋಕ್ ಇಲ್ಲ, ಹ್ಯಾಂಡಲಿನ ತೂತೂ ಇಲ್ಲ. ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಷನ್ ಬಂದಿದೆ. ಮೆಕ್ಯಾನಿಕ್ ಒಂದು ಯಂತ್ರ ಸಿಕ್ಕಿಸಿ ತಪ್ಪಿನ ಸಂಖ್ಯೆ ಓದುತ್ತಾನೆ. ಆದರೂ ಸೆಲ್ಫಿನ ವಿದ್ಯುತ್ತು ಇಂದಿಗೂ ಒಂದು ಅರ್ತ್ ಪಟ್ಟಿಯ ಮೂಲಕವೇ ಬ್ಯಾಟರಿಗೆ ಮರಳಬೇಕು. ಅದರ ಬೋಲ್ಟು ಸಡಿಲವಾದರೆ ಹೊಸ ಕಾರೂ ಹಳೆಯ ಅಂಬಾಸಿಡರಿನಂತೆಯೇ ನರಳುತ್ತದೆ, ಜನ ಮೊದಲು ಬ್ಯಾಟರಿಯನ್ನೇ ಬೈಯುತ್ತಾರೆ.

ಆ ತಂದೆ ಕೊನೆಯವರೆಗೂ ಒಂದು ಅಭ್ಯಾಸ ಇಟ್ಟುಕೊಂಡಿದ್ದ. ಸೆಲ್ಫ್ ಒತ್ತಿದ ಮೇಲೆ ಚೋಕ್ ಗುಂಡಿಯನ್ನು ಒಮ್ಮೆ ಮುಟ್ಟಿ ನೋಡುವುದು. ಅದು ತಣ್ಣಗಿರುತ್ತಿತ್ತು. ಪಕ್ಕದಲ್ಲಿ ಮಗ ಕೂತಿದ್ದರೆ ಅವನ ಕಡೆ ತಿರುಗಿ, "ಏನಾದ್ರೂ ಕಾಣಿಸ್ತೇನೋ?" ಎಂದು ಕೇಳುತ್ತಿದ್ದ.